ಅಪ್‌ಡೇಟ್ ಒತ್ತುವ ಮೊದಲು ಒಂದು ಮಾತು

ನಮ್ಮ ಕಡೆ ಈಗ ಊರಿಗೆ ಇಬ್ಬರೋ ಮೂವರೋ ವಿಡಿಯೊ ಮಾಡುವವರು ಇದ್ದೇ ಇರುತ್ತಾರೆ. ಹೊಟ್ಟೆಪಾಡಿಗೆ ಅಲ್ಲ, ಖುಷಿಗೆ. ಒಬ್ಬರು ಜಾತ್ರೆಯ ತೇರು ಹಿಡಿಯುತ್ತಾರೆ, ಇನ್ನೊಬ್ಬರು ಶಾಲೆಯ ವಾರ್ಷಿಕೋತ್ಸವ, ಮತ್ತೊಬ್ಬರು ಭಜನಾ ಮೇಳ. ಹಗಲು ಹೊಲ, ಅಂಗಡಿ, ಗಿರಣಿ. ರಾತ್ರಿ ಊಟ ಆದ ಮೇಲೆ ಎಡಿಟಿಂಗ್. ಇವರು ನಮ್ಮನ್ನು ಕಂಡಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್ರ, ಹೊಸಾ ವರ್ಷನ್ ಬಂದೈತಿ. ಹಾಕಿಸ್ಲ್ಯೋ ಬ್ಯಾಡೋ?"

ನಾವು ಹಾವೇರಿ ಜಿಲ್ಲೆಯಿಂದ ಸುದ್ದಿ ಮತ್ತು ವಿಡಿಯೊ ಕಳಿಸುವ ಸ್ಟ್ರಿಂಗರ್ ಕೆಲಸದವರು. ಸಂಬಳ ಇಲ್ಲ, ಬಂದ ಸುದ್ದಿಯನ್ನು ಎಣಿಸಿ ದುಡ್ಡು. ಹೀಗಾಗಿ ಸಾಫ್ಟ್‌ವೇರ್‌ಗೆ ಒಂದು ರೂಪಾಯಿ ಹಾಕುವ ಮುಂಚೆಯೂ ಎರಡು ಸಲ ಯೋಚಿಸುವ ಅಭ್ಯಾಸ ನಮಗಿದೆ. ಡಿಪ್ಲೊಮಾ ಓದುವಾಗ ಎಡಿಟಿಂಗ್ ಕಲಿತದ್ದು ವಿಂಡೋಸ್ ಮೂವಿ ಮೇಕರ್‌ನಲ್ಲಿ. ಅದು ಕಂಪ್ಯೂಟರ್ ಜೊತೆಗೇ ಪುಕ್ಕಟೆ ಬರುತ್ತಿತ್ತು. ಒಂದು ಕಂಪ್ಯೂಟರ್ ಮುಂದೆ ಐದು ಜನ ಕೂತು, ಸರದಿ ಪ್ರಕಾರ ಮೌಸ್ ಹಿಡಿದು ಕಲಿತೆವು.

ಮೇಲಿನ ಪ್ರಶ್ನೆಗೆ ನಮ್ಮ ಚಿಕ್ಕ ಉತ್ತರ ಇದು: ಈಗಿರುವ ಸಾಫ್ಟ್‌ವೇರ್‌ನಿಂದ ನಿಮ್ಮ ಕೆಲಸ ನಿಂತಿದ್ದರೆ ಹೊಸದು ಹಾಕಿ. ಕೆಲಸ ನಡೆಯುತ್ತಿದ್ದರೆ ಸುಮ್ಮನಿರಿ. ಒಂದು ವಿಡಿಯೊ ಅರ್ಧಕ್ಕಿದ್ದಾಗಂತೂ ಕೈ ಹಚ್ಚಲೇಬೇಡಿ. ಮತ್ತು ಹಾಕುವುದೇ ಆದರೆ ಹಳೆಯ ಕೆಲಸವನ್ನೆಲ್ಲ ಮೊದಲು ಹೊರಗೆ ತೆಗೆದಿಟ್ಟುಕೊಳ್ಳಿ.

ಯಾಕೆ ಹೀಗೆ ಹೇಳುತ್ತೇವೆ ಎಂಬುದಕ್ಕೆ ನಾವು ಹತ್ತಿರದಿಂದ ನೋಡಿದ ಒಬ್ಬ ಹುಡುಗನ ವಿಷಯ ಹೇಳಬೇಕು.

ಬ್ಯಾಡಗಿ ಕಡೆಯ ಒಂದು ಹಳ್ಳಿ. ಹುಡುಗ ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತಾನೆ. ಊರಲ್ಲಿ ದೊಡ್ಡಾಟ ಆಡುವ ತಂಡ ಇದೆ. ಹನ್ನೊಂದು ವರ್ಷದಿಂದ ಆ ತಂಡದ ಆಟಗಳನ್ನು ಇವನು ವಿಡಿಯೊ ಮಾಡುತ್ತಾ ಬಂದಿದ್ದಾನೆ. ಮೊದಲು ಯಾರದೋ ಹ್ಯಾಂಡಿಕ್ಯಾಮ್, ಆಮೇಲೆ ತನ್ನದೇ ಮೊಬೈಲು. ಯಾರೂ ಹೇಳಿದ್ದಲ್ಲ, ಯಾರೂ ದುಡ್ಡು ಕೊಟ್ಟದ್ದೂ ಅಲ್ಲ. ತಂಡಕ್ಕೆ ಆಟ ಕಲಿಸುತ್ತಿದ್ದ ಮಾಸ್ತರರು ತೀರಿಕೊಂಡ ಮೇಲೆ ಊರಿನವರಿಗೆ ಅವನ ಬೆಲೆ ಗೊತ್ತಾಯಿತು. ಆ ಮಾಸ್ತರರ ದನಿ, ಕುಣಿತ, ಮಾತಿನ ಓಘ ಉಳಿದಿರುವುದು ಇವನ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಕಳೆದ ಸುಗ್ಗಿಯಲ್ಲಿ ಮನೆಗೆ ಮೆಣಸಿನಕಾಯಿಯ ದುಡ್ಡು ಬಂತು. ಹುಡುಗ ಲೆಕ್ಕ ಹಾಕಿದ. ತಿಂಗಳ ಬಾಡಿಗೆಯಂತೆ ಕಟ್ಟುವ ದೊಡ್ಡ ಕಂಪನಿಯ ಹೊಸ ಎಡಿಟಿಂಗ್ ಸಾಫ್ಟ್‌ವೇರ್ ತಗೊಳ್ಳುವುದು. ಅದು ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ, ಹಾಗಾಗಿ ಕಂತಿನ ಮೇಲೆ ಹೊಸ ಲ್ಯಾಪ್‌ಟಾಪು. ಅವನ ಅಪ್ಪ ನಮ್ಮ ಹತ್ತಿರ ಬಂದು, "ನೀವು ಇದರಾಗ ಇರೂರು, ಅವಂಗ ಒಂದ್ ಮಾತ್ ಹೇಳ್ರಿ. ಬ್ಯಾಡ ಅಂತ ನಾ ಅನ್ನಂಗಿಲ್ಲ. ಆದ್ರ ಇದು ಖರೇನ ಬೇಕೇನು ಅಂತ ತಿಳೀಬೇಕು" ಅಂದರು.

ನಾವು ಹುಡುಗನ ಜೊತೆ ಎರಡು ಸಂಜೆ ಕೂತೆವು. ಕೇಳಿದ್ದು ಒಂದೇ ಪ್ರಶ್ನೆ: "ಈಗ ನಿನಗ ಏನ್ ಮಾಡಾಕ ಆಗವಲ್ದು?"

ಅವನು ಮೂರು ತೊಂದರೆ ಹೇಳಿದ. ಹೊಸ ಮೊಬೈಲಿನ ವಿಡಿಯೊ ಟೈಮ್‌ಲೈನಿನಲ್ಲಿ ತಡೆತಡೆದು ಓಡುತ್ತದೆ. ಕನ್ನಡ ಟೈಟಲ್ ಹಾಕಿದರೆ ಒತ್ತಕ್ಷರ ಒಡೆಯುತ್ತದೆ. ಜಾಗ ತುಂಬಿಹೋಗಿದೆ, ಹಳೆಯದನ್ನು ಅಳಿಸದೆ ಹೊಸದು ಹಿಡಿಯುವುದಿಲ್ಲ.

ಈ ಮೂರನ್ನೂ ಒಂದೊಂದಾಗಿ ಬಿಡಿಸೋಣ. ನಿಮ್ಮ ತೊಂದರೆಯೂ ಇವುಗಳಲ್ಲಿ ಒಂದು ಆಗಿರುವ ಸಾಧ್ಯತೆ ಹೆಚ್ಚು.

ಮೊದಲನೆಯದು, ತಡೆತಡೆದು ಓಡುವುದು. ಈಚಿನ ಮೊಬೈಲುಗಳು ವಿಡಿಯೊವನ್ನು ಹೆಚ್ಚು ಒತ್ತಿ ಚಿಕ್ಕದು ಮಾಡಿ ಉಳಿಸುತ್ತವೆ. ಆ ಬಗೆಗೆ ಎಚ್.265 ಅಥವಾ ಎಚ್‌ಇವಿಸಿ ಎಂದು ಹೆಸರು. ಹಿಂದಿನದು ಎಚ್.264. ಐಫೋನ್‌ನಲ್ಲಿ 1080ಪಿ ವಿಡಿಯೊ ಒಂದು ನಿಮಿಷಕ್ಕೆ ಹಳೆಯ ಬಗೆಯಲ್ಲಿ ಸುಮಾರು 130 ಎಂಬಿ ಆದರೆ ಹೊಸ ಬಗೆಯಲ್ಲಿ ಸುಮಾರು 60 ಎಂಬಿ. ಜಾಗ ಅರ್ಧಕ್ಕಿಂತ ಕಡಿಮೆ. ಆದರೆ ಹಾಗೆ ಒತ್ತಿದ್ದನ್ನು ಬಿಚ್ಚಿ ತೋರಿಸಲು ಕಂಪ್ಯೂಟರ್ ಹೆಚ್ಚು ದುಡಿಯಬೇಕು. ಹಳೆಯ ಲ್ಯಾಪ್‌ಟಾಪು ಅಲ್ಲಿ ಏದುಸಿರು ಬಿಡುತ್ತದೆ. ಹೊಸ ಸಾಫ್ಟ್‌ವೇರ್ ಹಾಕಿದರೂ ಯಂತ್ರ ಅದೇ ಆಗಿದ್ದರೆ ದೊಡ್ಡ ಫರಕು ಬೀಳುವುದಿಲ್ಲ.

ಇದಕ್ಕೆ ದುಡ್ಡಿಲ್ಲದ ದಾರಿ ಎರಡು. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗಿನಲ್ಲಿ 'ಹೈ ಎಫಿಶಿಯೆನ್ಸಿ' ಎಂದು ಇರುತ್ತದೆ. ಅದನ್ನು ಆಫ್ ಮಾಡಿದರೆ ಹಳೆಯ ಬಗೆಯಲ್ಲೇ ರೆಕಾರ್ಡ್ ಆಗುತ್ತದೆ. ಇನ್ನೊಂದು, ಪ್ರಾಕ್ಸಿ. ಅಂದರೆ ಸಾಫ್ಟ್‌ವೇರೇ ನಿಮ್ಮ ವಿಡಿಯೊಗಳ ಚಿಕ್ಕ ನಕಲು ಮಾಡಿಕೊಳ್ಳುತ್ತದೆ. ಎಡಿಟಿಂಗ್ ಆ ನಕಲಿನ ಮೇಲೆ, ಕೊನೆಗೆ ಹೊರಗೆ ತೆಗೆಯುವುದು ಮೂಲದಿಂದ. ಗುಣಮಟ್ಟ ಕಡಿಮೆ ಆಗುವುದಿಲ್ಲ. ಪುಕ್ಕಟೆ ಸಿಗುವ ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎರಡರಲ್ಲೂ ಈ ಸೌಲಭ್ಯ ಇದೆ.

ಇಲ್ಲೇ ಇನ್ನೊಂದು ಮಾತು. ನೀವು ಮಾಡುವ ವಿಡಿಯೊವನ್ನು ಜನ ನೋಡುವುದು ಎಲ್ಲಿ? ಅಂಗೈ ಅಗಲದ ಮೊಬೈಲಿನಲ್ಲಿ. ವಾಟ್ಸಾಪ್‌ನಲ್ಲಿ ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ. ಅದಕ್ಕಾಗಿ 4ಕೆ ಹಿಡಿದು, 4ಕೆ ಓಡಿಸಲು ಸಾಫ್ಟ್‌ವೇರ್ ಕೊಂಡು, ಆ ಸಾಫ್ಟ್‌ವೇರ್ ಓಡಿಸಲು ಲ್ಯಾಪ್‌ಟಾಪು ಕೊಳ್ಳುವುದು ಎತ್ತಿಗೆ ಹೊಸ ಲಾಳ ಹೊಡೆಸಲು ಹೋಗಿ ಗಾಡಿಯನ್ನೇ ಬದಲಿಸಿ ಬಂದಂತೆ. 1080ಪಿ ಹಿಡಿಯಿರಿ. ಉಳಿದ ದುಡ್ಡಿಗೆ ಒಂದು ಕಾಲರ್ ಮೈಕ್ ಕೊಳ್ಳಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ.

ಎರಡನೆಯದು, ಕನ್ನಡ ಅಕ್ಷರ. ಇದು ಖರೇ ತೊಂದರೆ, ಅಪ್‌ಡೇಟ್‌ಗೆ ಸರಿಯಾದ ಕಾರಣವೂ ಹೌದು. ನಾವು ಮೊಬೈಲಿನಲ್ಲಿ ಬರೆಯುವ ಕನ್ನಡ ಯೂನಿಕೋಡ್. ಅದರಲ್ಲಿ 'ಸ್ತ' ಎಂಬುದು ಒಂದೇ ಅಕ್ಷರವಾಗಿ ಇರುವುದಿಲ್ಲ. ಸ, ಅದನ್ನು ಕಟ್ಟುವ ಗುರುತು, ತ ಎಂದು ಮೂರು ತುಂಡಾಗಿ ಇರುತ್ತದೆ. ಅವನ್ನು ಕೂಡಿಸಿ ಒತ್ತಕ್ಷರ ಮಾಡಿ ತೋರಿಸುವುದು ಸಾಫ್ಟ್‌ವೇರಿನ ಕೆಲಸ. ಇಂಗ್ಲಿಷಿಗೆಂದೇ ಮಾಡಿದ ಹಳೆಯ ಟೈಟಲ್ ಟೂಲ್‌ಗಳಿಗೆ ಇದು ಬರುತ್ತಿರಲಿಲ್ಲ. 'ಮಾಸ್ತರ' ಎಂದು ಬರೆದರೆ ಸ ಒಂದು ಕಡೆ, ತ ಒಂದು ಕಡೆ. ಅದಕ್ಕೇ ನಮ್ಮ ಕಡೆಯ ಸ್ಟುಡಿಯೊಗಳಲ್ಲಿ ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವವರು ನುಡಿ, ಬರಹದ ಹಳೆಯ ಫಾಂಟ್‌ಗಳನ್ನು ಇಟ್ಟುಕೊಂಡೇ ಇದ್ದರು.

ಈಗ ಹಲವು ಸಾಫ್ಟ್‌ವೇರ್‌ಗಳು ಇದನ್ನು ಸರಿಮಾಡಿವೆ. ಅಡೋಬಿ ಪ್ರೀಮಿಯರ್‌ನ ಈಚಿನ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಿಗೆಂದೇ ಸೆಟ್ಟಿಂಗ್ ಇದೆ. ಅದನ್ನು ಆರಿಸಿಕೊಂಡರೆ ಒತ್ತಕ್ಷರ ಕೂಡುತ್ತದೆ. ಆದರೆ ಟೈಟಲ್ ಒಂದಕ್ಕಾಗಿ ತಿಂಗಳು ತಿಂಗಳು ದುಡ್ಡು ಕಟ್ಟಬೇಕಿಲ್ಲ. ಟೈಟಲನ್ನು ಬೇರೆ ಕಡೆ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ವಿಡಿಯೊದ ಮೇಲೆ ಇಟ್ಟರೆ ಆಯಿತು. ಚಿತ್ರಕ್ಕೆ ಒತ್ತಕ್ಷರ ಒಡೆಯುವ ಭಯ ಇಲ್ಲ. ಇದನ್ನು ಮೊಬೈಲಿನಲ್ಲೇ ಮಾಡಬಹುದು. ನೂರಾರು ಸಬ್‌ಟೈಟಲ್ ಹಾಕುವವರಿಗೆ ಮಾತ್ರ ಈ ದಾರಿ ಸಾಲದು, ಅವರು ಬದಲಾಯಿಸುವುದೇ ಒಳ್ಳೆಯದು. ಕೊಳ್ಳುವ ಮುಂಚೆ 'ಲಕ್ಷ್ಮೀ', 'ರಾಷ್ಟ್ರ', 'ಕೀರ್ತಿ', 'ಸ್ತ್ರೀ' ಈ ನಾಲ್ಕು ಶಬ್ದ ಬರೆದು ನೋಡಿ. ನಾಲ್ಕೂ ಸರಿ ಬಂದರೆ ಉಳಿದದ್ದೂ ಬಹುಮಟ್ಟಿಗೆ ಬರುತ್ತದೆ.

ಮೂರನೆಯದು, ಜಾಗ. ಇದಕ್ಕೂ ಸಾಫ್ಟ್‌ವೇರಿಗೂ ಸಂಬಂಧವೇ ಇಲ್ಲ. ರಾತ್ರಿ ಪೂರ್ತಿ ನಡೆಯುವ ಒಂದು ಆಟ ಎಂಟು ತಾಸು ಎಂದುಕೊಳ್ಳಿ. ನಿಮಿಷಕ್ಕೆ 130 ಎಂಬಿಯಂತೆ ಸುಮಾರು 62 ಜಿಬಿ. ಅಂಥ ಹದಿನೈದು ಆಟ ಹಿಡಿದರೆ 1 ಟಿಬಿಯ ಹಾರ್ಡ್ ಡಿಸ್ಕ್ ತುಂಬುತ್ತದೆ. ಹುಡುಗನಿಗೆ ಮೊದಲು ಬೇಕಾಗಿದ್ದದ್ದು ಹಾರ್ಡ್ ಡಿಸ್ಕ್. ಅದೂ ಒಂದಲ್ಲ, ಎರಡು. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಮಳೆಗೆ ಮನೆ ಸೋರಿದರೂ, ಕಳ್ಳ ಬಂದರೂ ಒಂದು ಉಳಿಯಬೇಕು.

ಇಷ್ಟು ಮಾತಾಡುವಾಗ ಹುಡುಗ ಇನ್ನೊಂದು ವಿಷಯ ಬಾಯಿಬಿಟ್ಟ. ಮಾಸ್ತರರ ಕೊನೆಯ ಆಟವನ್ನು ಅವನು ಮೊಬೈಲಿನಲ್ಲಿ ತುಂಡು ತುಂಡಾಗಿ ಹಿಡಿದಿದ್ದ. ಮಾತು, ಮದ್ದಳೆ, ತಾಳ ಬೇರೆ ಮೊಬೈಲಿನಲ್ಲಿ ರೆಕಾರ್ಡ್ ಆಗಿತ್ತು. ಎರಡನ್ನೂ ಕೂಡಿಸಲು ಸುಮಾರು ಒಂದು ತಿಂಗಳು ರಾತ್ರಿ ಕೂತಿದ್ದ. ಯೂಟ್ಯೂಬಿಗೆ ಹಾಕಿದ್ದು ಹನ್ನೆರಡು ನಿಮಿಷ ಮಾತ್ರ. ಉಳಿದ ತಾಸುಗಟ್ಟಲೆ ಆಟ, ದನಿ ಕೂಡಿಸಿದ್ದು, ಹಳೆಯ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲಿನಲ್ಲೇ ಇದೆ. ಈಗ ಮಾಸ್ತರರ ಮಗಳು ಪೂರ್ತಿ ಆಟ ಬೇಕು ಎಂದು ಕೇಳಿದ್ದಾಳೆ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಅದರಲ್ಲಿ ತೆರೆದು ಚೆಂದ ಮಾಡಿ ಕೊಡುವುದು ಅವನ ಯೋಚನೆ. ಹಳೆಯದನ್ನು ತೆಗೆದುಹಾಕಿ ಜಾಗ ಮಾಡಿಕೊಳ್ಳುವುದೂ ಅದೇ ಯೋಚನೆಯ ಭಾಗ.

ಅಲ್ಲಿ ನಾವು ಅವನನ್ನು ತಡೆದೆವು.

ಪ್ರಾಜೆಕ್ಟ್ ಫೈಲ್ ಎಂದರೆ ಏನು ಎಂಬುದು ಹವ್ಯಾಸಕ್ಕೆ ವಿಡಿಯೊ ಮಾಡುವ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪಹಣಿಯಲ್ಲಿ ಹೊಲದ ವಿವರ ಇರುತ್ತದೆ, ಮಣ್ಣು ಇರುವುದಿಲ್ಲ. ಹಾಗೆಯೇ ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ. ಯಾವ ವಿಡಿಯೊ ಎಲ್ಲಿದೆ, ಎಲ್ಲಿ ಕತ್ತರಿಸಿದೆ, ಯಾವ ದನಿ ಎಲ್ಲಿ ಕೂತಿದೆ ಎಂಬ ಬರಹ ಮಾತ್ರ ಇರುತ್ತದೆ. ಆ ಬರಹವನ್ನು ಓದಬಲ್ಲದ್ದು ಅದನ್ನು ಬರೆದ ಸಾಫ್ಟ್‌ವೇರ್. ಬೇರೆ ಕಂಪನಿಯದು ಸಾಮಾನ್ಯವಾಗಿ ಓದುವುದಿಲ್ಲ. ಅದೇ ಕಂಪನಿಯ ಹೊಸ ಆವೃತ್ತಿ ಓದಬಹುದು, ಆದರೆ ಹೊಸದರಲ್ಲಿ ಒಮ್ಮೆ ಉಳಿಸಿದರೆ ಹಳೆಯದರಲ್ಲಿ ಮತ್ತೆ ತೆರೆಯುವುದಿಲ್ಲ. ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎರಡೂ ಹೀಗೆಯೇ. ಮುಂದೆ ಹೋಗಲು ದಾರಿ ಇದೆ, ಹಿಂದೆ ಬರಲು ಇಲ್ಲ.

ಇದು ಹಳ್ಳಿಯವರಿಗೆ ಮಾತ್ರ ಬರುವ ಕಷ್ಟ ಎಂದುಕೊಳ್ಳಬೇಡಿ. 2011ರ ಜೂನ್‌ನಲ್ಲಿ ಆಪಲ್ ಕಂಪನಿ ಫೈನಲ್ ಕಟ್ ಪ್ರೊ ಎಕ್ಸ್ ತಂದಿತು. ಅದರ ಹಿಂದಿನ ಫೈನಲ್ ಕಟ್ ಪ್ರೊ 7ರಲ್ಲಿ ಮಾಡಿದ ಪ್ರಾಜೆಕ್ಟುಗಳನ್ನು ಹೊಸದು ತೆರೆಯುತ್ತಲೇ ಇರಲಿಲ್ಲ. ಹಲವು ಕ್ಯಾಮೆರಾಗಳನ್ನು ಕೂಡಿಸಿ ಎಡಿಟ್ ಮಾಡುವ ಸೌಲಭ್ಯವೂ ಇರಲಿಲ್ಲ, ಅದು ಬಂದದ್ದು 2012ರ ಜನವರಿಯಲ್ಲಿ. ಸಿನಿಮಾ, ಟಿವಿ ಕೆಲಸದವರೇ ದಂಗಾದರು. ಅದಕ್ಕೂ ಮುಂಚೆ 2007ರಲ್ಲಿ ಮನೆಮಂದಿ ಬಳಸುವ ಐಮೂವಿಯನ್ನು ಪೂರ್ತಿ ಬದಲಿಸಿದಾಗ ಬಳಕೆದಾರರು ಎಷ್ಟು ಗೊಣಗಿದರೆಂದರೆ, ಹೊಸದನ್ನು ಕೊಂಡವರಿಗೆ ಹಳೆಯದನ್ನೂ ಪುಕ್ಕಟೆ ಇಳಿಸಿಕೊಳ್ಳಲು ಕಂಪನಿ ಬಿಡಬೇಕಾಯಿತು.

2013ರಲ್ಲಿ ಅಡೋಬಿ ತನ್ನ ಸಾಫ್ಟ್‌ವೇರ್‌ಗಳ ಹೊಸ ಆವೃತ್ತಿಗಳನ್ನು ಒಂದೇ ಸಲ ಮಾರುವ ಪದ್ಧತಿ ಬಿಟ್ಟು ಬಾಡಿಗೆ ಪದ್ಧತಿಗೆ ಹೋಯಿತು. ಬಾಡಿಗೆ ನಿಂತರೆ ಪ್ರಾಜೆಕ್ಟ್ ತೆರೆಯುವ ಸಾಧನವೂ ನಿಲ್ಲುತ್ತದೆ. ನಾವು ಕಲಿತ ಮೂವಿ ಮೇಕರನ್ನು ಮೈಕ್ರೋಸಾಫ್ಟ್ 2017ರ ಜನವರಿ 10ಕ್ಕೆ ನಿಲ್ಲಿಸಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಜೊತೆಗೆ ವೀವಾ ವಿಡಿಯೊ ಎಂಬ ಎಡಿಟಿಂಗ್ ಆಪ್ ಕೂಡ ಹೋಯಿತು. ನಮ್ಮ ಕಡೆ ಎಷ್ಟೋ ಹುಡುಗರು ಕೈ ಪಳಗಿಸಿಕೊಂಡದ್ದು ಅದರಲ್ಲೇ.

ಆಪ್ ಇವತ್ತು ಇರುತ್ತದೆ, ನಾಳೆ ಹೋಗುತ್ತದೆ. ಪುಕ್ಕಟೆಯದೂ ಹೋಗಬಹುದು, ದುಡ್ಡಿನದೂ ಹೋಗಬಹುದು. ನಿಮ್ಮ ಕೆಲಸ ಅದರ ಹೊಟ್ಟೆಯೊಳಗೇ ಇದ್ದರೆ ಅದರ ಜೊತೆಗೇ ಹೋಗುತ್ತದೆ.

ಹುಡುಗನಿಗೆ ನಾವು ಹೇಳಿದ್ದು ಇಷ್ಟು: ಮೊದಲು ಹಳೆಯ ಸಾಫ್ಟ್‌ವೇರಿನಲ್ಲೇ ಆ ಪೂರ್ತಿ ಆಟವನ್ನು, ದನಿ ಕೂಡಿಸಿದ್ದನ್ನು, ಟೈಟಲ್ ಗೀಟಲ್ ಏನೂ ಹಾಕದೆ, ಒಳ್ಳೆಯ ಗುಣಮಟ್ಟದಲ್ಲಿ ಎಂಪಿ4 ಮಾಡಿ ಹೊರಗೆ ತೆಗಿ. ಎಂಪಿ4 ಎಲ್ಲ ಕಡೆ ಓಡುತ್ತದೆ. ಅದನ್ನು ಎರಡು ಡಿಸ್ಕಿಗೆ ಹಾಕು. ಮೂಲ ತುಣುಕುಗಳನ್ನೂ ಹಾಕು. ಆಮೇಲೆ ಯಾವ ಸಾಫ್ಟ್‌ವೇರ್ ಬೇಕಾದರೂ ತಗೋ.

ಕರೆಂಟು ಹೋಗಿ ಬಂದು ಮಾಡುವ ನಮ್ಮ ಕಡೆ ಅಷ್ಟು ಉದ್ದದ ವಿಡಿಯೊ ಒಂದೇ ಸಲಕ್ಕೆ ಹೊರಬರುವುದಿಲ್ಲ. ಅವನು ಒಂದೊಂದು ತಾಸಿನ ತುಂಡು ಮಾಡಿ, ನಾಲ್ಕು ರಾತ್ರಿಯಲ್ಲಿ ತೆಗೆದ. ಐದನೆಯ ದಿನ ಪೆನ್‌ಡ್ರೈವ್ ತಗೊಂಡು ಮಾಸ್ತರರ ಮನೆಗೆ ಹೋದ. ಟಿವಿಗೆ ಹಚ್ಚಿದಾಗ ಮಾಸ್ತರರ ಹೆಂಡತಿ ಟಿವಿಯ ಹತ್ತಿರ ಸರಿದು ಕೂತು, ಒಂದು ಮಾತೂ ಆಡದೆ ರಾತ್ರಿ ಹನ್ನೊಂದರವರೆಗೆ ನೋಡಿದರಂತೆ. ಟೈಟಲ್ ಇಲ್ಲದ್ದನ್ನು ಆ ಮನೆಯಲ್ಲಿ ಯಾರೂ ಗಮನಿಸಲಿಲ್ಲ.

ಲ್ಯಾಪ್‌ಟಾಪು ಸದ್ಯಕ್ಕೆ ಬೇಡ ಎಂದು ಅವನೇ ನಿರ್ಧರಿಸಿದ. ಎರಡು ಹಾರ್ಡ್ ಡಿಸ್ಕ್, ಒಂದು ಮೈಕ್. ಹೊಸ ವಿಡಿಯೊಗಳಿಗೆ ಪುಕ್ಕಟೆಯ ಸಾಫ್ಟ್‌ವೇರ್ ಕಲಿಯುತ್ತಿದ್ದಾನೆ. ಹಳೆಯದು ಇನ್ನೂ ಲ್ಯಾಪ್‌ಟಾಪಿನಲ್ಲಿ ಇದೆ. ಒಂದೊಂದೇ ಆಟವನ್ನು ಅದರಿಂದ ಹೊರಗೆ ತೆಗೆಯುತ್ತಿದ್ದಾನೆ.

ಹಾಗೆಂದು ನಾವು ಹಳೆಯದಕ್ಕೇ ಅಂಟಿಕೊಳ್ಳಿ ಎನ್ನುವವರಲ್ಲ. ನಮಗೆ ಪರಿಚಯದ ಒಬ್ಬ ಶಿಕ್ಷಕಿ ಇದ್ದಾರೆ. ಮಕ್ಕಳ ವಿಜ್ಞಾನ ಪ್ರಯೋಗಗಳ ವಿಡಿಯೊ ಮಾಡುತ್ತಾರೆ. ಅವರ ಕಂಪ್ಯೂಟರಿನಲ್ಲಿ ವಿಂಡೋಸ್ 7, ಅದರಷ್ಟೇ ಹಳೆಯ ಎಡಿಟಿಂಗ್ ಸಾಫ್ಟ್‌ವೇರ್. ಬೇರೆ ಬೇರೆ ಪಾಲಕರ ಮೊಬೈಲಿನಿಂದ ಬರುವ ವಿಡಿಯೊಗಳು ಅದರಲ್ಲಿ ತೆರೆಯುತ್ತಲೇ ಇರಲಿಲ್ಲ. ದಿನಾ ರಾತ್ರಿ ಒಂದೊಂದನ್ನೂ ಬೇರೆ ಬಗೆಗೆ ಬದಲಿಸಿಕೊಂಡು ಕೂರಬೇಕಿತ್ತು. ಅವರಿಗೆ ನಾವೇ, "ಟೀಚರ್, ಇನ್ನು ಸಾಕು, ಬದಲಿಸಿಬಿಡಿ" ಅಂದೆವು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ನೆರವು ನಿಂತದ್ದು 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸವನ್ನೂ ಮಾಡುವವರು ಹೆಚ್ಚು ಎಚ್ಚರ ಇರಬೇಕು. ಶಿಕ್ಷಕಿಯ ಕಂಪ್ಯೂಟರಿಗೆ ಈಗ ಲಿನಕ್ಸ್ ಹಾಕಿ ಕೆಡೆನ್‌ಲೈವ್ ಕೂರಿಸಿದೆ. ಒಂದು ತಿಂಗಳು ಕಷ್ಟಪಟ್ಟರು. ಈಗ ರಾತ್ರಿ ಬೇಗ ಮಲಗುತ್ತಾರೆ.

ಪುಕ್ಕಟೆ ಎಂದ ಕೂಡಲೇ ಎಲ್ಲವೂ ಎಲ್ಲರಿಗೂ ಒಗ್ಗುವುದಿಲ್ಲ. ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಬಹಳ ಗಟ್ಟಿ, ಆದರೆ ಅದಕ್ಕೆ 16 ಜಿಬಿ ರ್‍ಯಾಮ್ ಬೇಕು ಎಂದು ಕಂಪನಿಯೇ ಹೇಳುತ್ತದೆ. 4 ಜಿಬಿಯ ಲ್ಯಾಪ್‌ಟಾಪಿಗೆ ಅದು ಹೊರಲಾಗದ ಮೂಟೆ. ಮೊಬೈಲಿನಲ್ಲಿ ಕೈನ್‌ಮಾಸ್ಟರ್ ಪುಕ್ಕಟೆ ಬಳಸಿದರೆ ಅದರ ಗುರುತು ವಿಡಿಯೊ ಮೇಲೆ ಬೀಳುತ್ತದೆ. ಆ ಗುರುತು ನಿಮಗೆ ತೊಂದರೆ ಇಲ್ಲವೆಂದರೆ ದುಡ್ಡು ಕಟ್ಟುವ ಅಗತ್ಯವೂ ಇಲ್ಲ. ಗೂಗಲ್‌ನವರ ಯೂಟ್ಯೂಬ್ ಕ್ರಿಯೇಟ್ ಆಪ್ 2023ರಿಂದ ಭಾರತದಲ್ಲಿ ಪುಕ್ಕಟೆ ಸಿಗುತ್ತಿದೆ.

ಇನ್ನು 'ಕ್ರ್ಯಾಕ್' ಮಾಡಿದ್ದು. ಪೆನ್‌ಡ್ರೈವಿನಲ್ಲಿ ಊರೂರು ಸುತ್ತುವ ಈ ಸಾಫ್ಟ್‌ವೇರ್ ಹಾಕುವಾಗ ಮೊದಲು ಹೇಳುವುದೇ "ಆಂಟಿವೈರಸ್ ಬಂದ್ ಮಾಡು" ಎಂದು. ಬಾಗಿಲು ತೆಗೆದಿಟ್ಟು ಮಲಗು ಎಂದಂತೆ ಅದು. ಪುಕ್ಕಟೆಯಾಗಿ ನೇರ ದಾರಿಯಲ್ಲೇ ಇಷ್ಟು ಸಿಗುವಾಗ ಆ ಗೊಡವೆ ಬೇಡ.

ಮೊಬೈಲಿನಲ್ಲೇ ಎಡಿಟ್ ಮಾಡುವವರಿಗೆ ಎರಡು ಸಣ್ಣ ಕೆಲಸ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಎಡಿಟಿಂಗ್ ಆಪ್‌ನ ಪುಟ ತೆರೆದು, ಬಲಗಡೆ ಮೇಲಿನ ಮೂರು ಚುಕ್ಕೆ ಒತ್ತಿ, ತಾನಾಗಿ ಅಪ್‌ಡೇಟ್ ಆಗುವ ಗುರುತು ತೆಗೆಯಿರಿ. ಕೈಯಲ್ಲಿ ಅರ್ಧ ಕೆಲಸ ಇಲ್ಲದ ದಿನ ನೀವೇ ಅಪ್‌ಡೇಟ್ ಮಾಡಿ. ಮತ್ತೆ, ಆಪ್ ಡಿಲೀಟ್ ಮಾಡುವ ಮುಂಚೆ ಅದರೊಳಗಿನ ವಿಡಿಯೊಗಳೆಲ್ಲ ಗ್ಯಾಲರಿಗೆ ಬಂದಿವೆಯೇ ನೋಡಿಕೊಳ್ಳಿ.

ಹವ್ಯಾಸ ಎಂದರೆ ಸಣ್ಣದು ಎಂಬ ಭಾವನೆ ಇದೆ. ನಮ್ಮ ಅನುಭವ ಬೇರೆ. ನಾವು ಕಳಿಸುವ ಸುದ್ದಿ ಮರುದಿನಕ್ಕೆ ಹಳೆಯದು. ಹವ್ಯಾಸಕ್ಕೆ ಯಾರೋ ಹಿಡಿದಿಟ್ಟ ಊರಿನ ಆಟ, ಅಜ್ಜಿಯ ಸೋಬಾನೆ ಪದ, ಈಗ ಒಡೆದುಹೋದ ಕೆರೆಯ ಏರಿ, ಇವೇ ಮುಂದೆ ಉಳಿಯುವುದು. ದುಡ್ಡು ಹಾಕುವುದಾದರೆ ಅದು ಉಳಿಯುವ ಕಡೆ ಹಾಕಿ. ಹೊಸ ಆವೃತ್ತಿ ಮುಂದಿನ ವರ್ಷವೂ ಬರುತ್ತದೆ. ನಿಮ್ಮ ಊರಿನಲ್ಲಿ ಇನ್ನೂ ಹಿಡಿಯದೆ ಬಿಟ್ಟ ಮಾಸ್ತರರು ಯಾರಿದ್ದಾರೋ, ಈ ವಾರ ಅವರ ಮನೆಗೆ ಹೋಗಿ ಬನ್ನಿ.